ಹುಣಸೆಮರದ ತಂತಿ

ತಾಳ್ಯ
3 ನವೆಂಬರ್ 2024

ಸುಭಾನ್,

ನಿನ್ನ ಗೆಳೆಯ ಕರಿಸಿದ್ದಪ್ಪ ಬದುಕಿದ್ದಾನೆ. ಮೊದಲು ಇದನ್ನು ಬರೆದುಬಿಟ್ಟರೆ ಉಳಿದದ್ದನ್ನು ನೆಮ್ಮದಿಯಾಗಿ ಓದುತ್ತೀಯ ಅಂತ ಬರೆದೆ.

ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದಾರೆ. ಕತ್ತಿನಲ್ಲಿ ಒಂದು ತೂತಿದೆ, ಉಸಿರಾಟ ಅದರಲ್ಲೇ. ಊಟ ಸೇರುತ್ತದೆ, ತೋಟದವರೆಗೆ ನಡೆದು ಬರುತ್ತೇನೆ. ಮಾತು ಮಾತ್ರ ಇನ್ನಿಲ್ಲ. ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ ನಿಂತು "ಹೊಸದುರ್ಗ, ಹೊಸದುರ್ಗ, ಹತ್ರಿ ಹತ್ರಿ" ಅಂತ ಜೀವಮಾನವಿಡೀ ಕೂಗಿದ ಕಂಡಕ್ಟರ್ ನಾನು. ನನ್ನ ದನಿಗೆ ದೇವರು ಇಲ್ಲಿಯವರೆಗೆ ಮಾತ್ರ ಟಿಕೆಟ್ ಕೊಟ್ಟಿದ್ದ ಅಂತ ಕಾಣುತ್ತದೆ.

ಮನೆಯಲ್ಲಿ ಸ್ಲೇಟು ಬಳಪ ಇಟ್ಟುಕೊಂಡಿದ್ದೇನೆ. "ಸುಭಾನಣ್ಣಂಗೆ ಮೊಬೈಲಾಗೆ ಒತ್ತಿ ಕಳಿಸ್ರಿ" ಅಂತ ಚೌಡಮ್ಮ ಹೇಳುತ್ತಾಳೆ. ಗಂಡ ಬರೆದದ್ದನ್ನೆಲ್ಲ ಓದಬೇಕಾಗಿ ಬಂದಿರುವ ಹೆಂಡತಿ ಅವಳು, ಅವಳ ಕಷ್ಟ ಅವಳಿಗೆ. ಆದರೆ ಆ ಸಾಸಿವೆ ಕಾಳಿನಂಥ ಅಕ್ಷರಗಳ ಮೇಲೆ ನನ್ನ ಬೆರಳು ಕೂರುವುದಿಲ್ಲ. ನಾವು ಹ್ಯಾಮ್ ರೇಡಿಯೊದವರು, ಮನೆಯಲ್ಲೇ ಸೆಟ್ಟು ಇಟ್ಟು ತಂತಿ ಕಟ್ಟಿ ಗಾಳಿಯಲ್ಲಿ ಮಾತಾಡಿ ಅಂಚೆಯಲ್ಲಿ ಕಾರ್ಡು ಹಾಕಿ ಬೆಳೆದವರು. ಅದಕ್ಕೇ ಈ ಕಾಗದ.

ಈಗ ವಿಷಯಕ್ಕೆ ಬರುತ್ತೇನೆ. ಬಾಯಿ ಹೋದರೇನು, ಮೋರ್ಸ್ ಕೀ ಇದೆಯಲ್ಲ. ಒತ್ತಿದರೆ ಸಣ್ಣ ಸೀಟಿ, ಬಿಟ್ಟರೆ ಮೌನ. ಗಿಡ್ಡ ಸೀಟಿ ಡಿಟ್, ಉದ್ದ ಸೀಟಿ ಡಾ, ಎರಡನ್ನೂ ಕೂಡಿಸಿದರೆ ಅಕ್ಷರ. ಲೈಸೆನ್ಸ್ ಪರೀಕ್ಷೆಗೆ ಅಂತ ಇಬ್ಬರೂ ನನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬಾಯಿಪಾಠ ಮಾಡಿದ್ದು ನೆನಪಿದೆಯಾ? ಪಾಸಾದ ಮೇಲೆ ನೀನು ಅದರ ಕಡೆ ತಿರುಗಿ ನೋಡಲಿಲ್ಲ. ನನಗೆ ಮಾತ್ರ ಅದು ಹಿಡಿಸಿತ್ತು. ಬಸ್ಸಿನಲ್ಲಿ ಒಂದು ಸೀಟಿಗೆ ನಿಲ್ಲಬೇಕು, ಎರಡು ಸೀಟಿಗೆ ಹೊರಡಬೇಕು. ಮೋರ್ಸಿನಲ್ಲೂ ಮಾತು ಮುಗಿಸುವಾಗ ಎರಡು ಡಿಟ್ ಹೊಡೆದು "ರೈಟ್, ಹೊರಡು" ಅನ್ನುವ ರೂಢಿ. ಕಂಡಕ್ಟರನಿಗೆ ಹೇಳಿ ಮಾಡಿಸಿದ ಭಾಷೆ ಅದು.

ಒಂದು ಮಾತು. ನನ್ನನ್ನು ನೋಡಲು ಬರಬೇಡ. ಕತ್ತಿಗೆ ಟವೆಲ್ ಸುತ್ತಿಕೊಂಡೇ ಇರುತ್ತೇನೆ, ಮೊಮ್ಮಕ್ಕಳಿಗೂ ತೋರಿಸಿಲ್ಲ. ಮೊದಲು ನಾನು ನಿನಗೆ ಗಾಳಿಯಲ್ಲಿ ಕೇಳಿಸಬೇಕು. ಕರಿಸಿದ್ದಪ್ಪ ಇನ್ನೂ ಮಾತಾಡುತ್ತಾನೆ ಅಂತ ನಿನಗೆ ಗೊತ್ತಾಗಬೇಕು. ಆಮೇಲೆ ಬಾ.

ನಿನ್ನ
ಕರಿಸಿದ್ದಪ್ಪ


ಹಿರಿಯೂರು
12 ನವೆಂಬರ್ 2024

ಸಿದ್ದಣ್ಣ,

ಕಾಗದ ಓದಿ ಅತ್ತೆ. ಮುಚ್ಚಿಡುವುದೇನು, ಅಂಗಡಿಯಲ್ಲೇ ಅತ್ತೆ. ಸುಟ್ಟ ಮೋಟಾರಿಗೆ ತಂತಿ ಸುತ್ತಿಸಲು ಬಂದಿದ್ದ ಹರಿಯಬ್ಬೆಯ ರೈತರೊಬ್ಬರು "ಯಾಕ್ ಸಾಬ್ರೆ, ಕಣ್ಣಿಗೆ ವಾರ್ನಿಶ್ ಬಿತ್ತಾ" ಅಂದರು. ಹೌದು ಅಂದೆ.

ನೀನು ಹೇಳಿದಂತೆಯೇ ಆಗಲಿ. ದಿನಾ ನಸುಕಿನ ಫಜರ್ ನಮಾಜ್ ಮುಗಿಸಿ, ಅಂಗಡಿಗೆ ಹೋಗುವ ಮೊದಲು, ರೇಡಿಯೊದಲ್ಲಿ ನಮ್ಮ ಹಳೆಯ ಜಾಗದಲ್ಲೇ ನಾನು ಬಾಯಲ್ಲಿ ಕರೆಯುತ್ತೇನೆ. ನೀನು ಕೀಯಲ್ಲಿ ಉತ್ತರ ಕೊಡು. ನನ್ನ ಮೋರ್ಸ್ ತುಕ್ಕು ಹಿಡಿದಿದೆ, ನಿಧಾನಕ್ಕೆ ಒತ್ತು. ನಮ್ಮ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕೂಡಿಸಿಕೊಂಡು ಓದುತ್ತೇನೆ.

ನಿನಗೊಂದು ಸುದ್ದಿ. ಮಗ ಮುಜಾಹಿದ್ ನನಗೆ ಹೊಸ ಸೆಟ್ಟು ಕೊಡಿಸಿದ್ದಾನೆ. ನಮ್ಮ ಓಣಿಯ ಗತಿ ನಿನಗೆ ಗೊತ್ತಲ್ಲ. ಬೀದಿಗೆಲ್ಲ ಎಲ್‌ಇಡಿ ದೀಪ, ಮನೆಮನೆಗೆ ಇನ್ವರ್ಟರ್, ಎದುರಿಗೆ ಕರೆಂಟ್ ಆಟೊಗಳ ಚಾರ್ಜರ್. ಹಳೆಯ ಸೆಟ್ಟಿನಲ್ಲಿ ಎಣ್ಣೆಗೆ ಹಪ್ಪಳ ಬಿಟ್ಟಂತೆ ಚರಚರ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಈ ಸೆಟ್ಟಿನಲ್ಲಿ ಎರಡು ಗುಂಡಿಗಳಿವೆ. ಒಂದು ಆ ಚರಚರವನ್ನು ಇಳಿಸುತ್ತದೆ. ಇನ್ನೊಂದು, ಎಲ್ಲಾದರೂ ಒಂದೇ ಸಮನೆ ಕುಂಯ್ ಅನ್ನುವ ಸೀಟಿ ಇದ್ದರೆ ತಾನೇ ಹುಡುಕಿ ಅದನ್ನಷ್ಟೇ ಕತ್ತರಿಸಿ, ಮನುಷ್ಯನ ಮಾತನ್ನು ಉಳಿಸುತ್ತದೆ. ಆ ಇನ್ವರ್ಟರುಗಳ ಕುಂಯ್‌ಗುಡುವಿಕೆಗೆ ಇದೇ ಮದ್ದು.

ಎರಡನ್ನೂ ಒತ್ತಿದ ಕ್ಷಣ ಮೈ ಝುಮ್ಮೆಂದಿತು ಸಿದ್ದಣ್ಣ. ಅಷ್ಟು ಗದ್ದಲ ಎಲ್ಲಿ ಹೋಯಿತೋ. ಭೋಪಾಲದವರೊಬ್ಬರು ಮಾತಾಡುತ್ತಿದ್ದರು, ಅವರು ಮಧ್ಯೆ ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ಎಲ್ಲಿಯ ಭೋಪಾಲ, ಎಲ್ಲಿಯ ಹಿರಿಯೂರು. ಅಲ್ಲಾಹನ ಗಾಳಿಯಲ್ಲಿ ಏನೇನಿದೆಯೋ ಅಂದುಕೊಂಡೆ. ಮಕ್ಕಳು ಮರಿ ಮುಟ್ಟಬಾರದು ಅಂತ ಎರಡೂ ಗುಂಡಿಯ ಮೇಲೆ ಗಾಯದ ಪ್ಲಾಸ್ಟರ್ ಅಂಟಿಸಿದ್ದೇನೆ. ಇಂಥ ಸೆಟ್ಟಿನಲ್ಲಿ ನೀನು ಎಷ್ಟು ಚೆನ್ನಾಗಿ ಕೇಳಿಸುತ್ತೀಯೋ ಅಂತ ಕಾಯುತ್ತಿದ್ದೇನೆ.

ನಿನ್ನ
ಸುಭಾನ್


ತಾಳ್ಯ
8 ಡಿಸೆಂಬರ್ 2024

ಸುಭಾನ್,

ನೀನು ನನಗೆ ಕೇಳಿಸುತ್ತಿದ್ದೀಯ. ಮೊದಲ ದಿನ "ಸಿದ್ದಣ್ಣ, ಇದೀಯೇನಪ್ಪ" ಅಂತ ನಿನ್ನ ದನಿ ಬಂದಾಗ ಚೌಡಮ್ಮ ಒಲೆ ಬಿಟ್ಟು ಎದ್ದು ಬಂದಳು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಇದೊಂದು ದನಿ ಇನ್ನೊಮ್ಮೆ ಕಿವಿಗೆ ಬಿದ್ದರೆ ಸಾಕು ಅಂದುಕೊಂಡಿದ್ದೆ. ನಡುವೆ ಅಷ್ಟೊಂದು ಗುಡ್ಡ, ಊರು, ಗಾಳಿಯಂತ್ರದ ಸಾಲು. ಅದೆಲ್ಲ ದಾಟಿ ಹುಣಸೆಮರಕ್ಕೆ ಕಟ್ಟಿದ ಒಂದೆಳೆ ತಂತಿಗೆ ಬಂದು ನೀನು ಕೂರುತ್ತೀಯಲ್ಲ, ಇಷ್ಟು ವರ್ಷವಾದರೂ ನನಗಿದು ಹಳತಾಗಿಲ್ಲ.

ಆದರೆ ನಾನು ನಿನಗೆ ಕೇಳಿಸುತ್ತಿಲ್ಲ. ನೀನು ಕರೆದು ಮುಗಿಸಿದ ಕೂಡಲೇ ಒತ್ತುತ್ತೇನೆ. ಲೈಸೆನ್ಸಿನಲ್ಲಿ ಕೊಟ್ಟ ನಿನ್ನ ಗುರುತು, ನನ್ನ ಗುರುತು, ಆಮೇಲೆ "ಟೀ ಆಯ್ತಾ". ನೀನು ಕಾದು "ಏನೂ ಬರ್ತಾ ಇಲ್ಲ ಸಿದ್ದಣ್ಣ" ಅನ್ನುತ್ತೀಯ. ಮತ್ತೆ ಒತ್ತುತ್ತೇನೆ. ಮೈಕು ಬಿಡುವ ಮೊದಲು ನಿನ್ನ ಮನೆಯಾಕೆ ಅಮೀನಾ ಬೀ ಕಡೆ ತಿರುಗಿ "ಕೋಯಿ ನೈ ಉಧರ್" ಅನ್ನುತ್ತೀಯ, ಅದೂ ಕೇಳುತ್ತದೆ. ಆ ಕಡೆ ಯಾರೂ ಇಲ್ಲ ಅಂತ ನೀನು ಹೇಳುವುದನ್ನು ಆ ಕಡೆಯಲ್ಲೇ ಕೂತು ಕೇಳುವುದು ಒಂಥರಾ ಆಗುತ್ತದೆ ಕಣೋ.

ನನ್ನ ಸೆಟ್ಟಿನದೇ ದೋಷವಿರಬಹುದು. ಪಕ್ಕದ ಮನೆಯ ಓಬಳೇಶನನ್ನು ಮರ ಹತ್ತಿಸಿ ತಂತಿಯನ್ನು ಇನ್ನೊಂದು ಕೊಂಬೆ ಮೇಲಕ್ಕೆ ಕಟ್ಟಿಸಿದ್ದೇನೆ. ನೀನೂ ನಿನ್ನ ಕಡೆ ಒಮ್ಮೆ ನೋಡು.

ನಿನ್ನ
ಕರಿಸಿದ್ದಪ್ಪ


ಹಿರಿಯೂರು
20 ಡಿಸೆಂಬರ್ 2024

ಸಿದ್ದಣ್ಣ,

ತಂತಿ, ಬೆಸುಗೆ, ಅರ್ತ್ ಎಲ್ಲ ನೋಡಿದೆ. ನನ್ನ ಕಡೆ ಏನೂ ದೋಷವಿಲ್ಲ. ಮಿಕ್ಕವರ ಮಾತೆಲ್ಲ ಕನ್ನಡಿಯಂತೆ ಕೇಳುತ್ತಿದೆ. ಹೊಸದುರ್ಗದ ಮಾಸ್ತರರು ನಿನ್ನೆ ಕೆಮ್ಮಿದರು, ಅವರ ಕಫ ಎಲ್ಲಿ ಕಟ್ಟಿದೆ ಅಂತಲೂ ಹೇಳಬಲ್ಲೆ.

ಆ ಹೊತ್ತಿಗೆ ನಮ್ಮ ಜಾಗದಲ್ಲಿ ಒಂದು ಸಣ್ಣ ಟಿಕ್ ಟಿಕ್ ಬರುತ್ತದೆ, ಅಷ್ಟೇ. ನಮ್ಮ ಮನೆಯ ಹಿಂದಿನ ಹೊಲಕ್ಕೆ ಕಾಡುಹಂದಿ ಬರದಂತೆ ಕರೆಂಟಿನ ಝಟಕಾ ಬೇಲಿ ಹಾಕಿದ್ದಾರೆ. ಅದರದೇ ಸದ್ದು. ಬೆಳಗಿನ ತಂಪಿಗೆ ಜಾಸ್ತಿಯಾಗುತ್ತದೋ ಏನೋ. ನೀನೇನಾದರೂ ಅದರ ಕೆಳಗೆ ಮುಚ್ಚಿಹೋಗುತ್ತಿದ್ದೀಯಾ ಅಂತ ಗದ್ದಲ ಇಳಿಸುವ ಗುಂಡಿಯನ್ನು ಇನ್ನಷ್ಟು ಏರಿಸಿದೆ. ಈಗ ಆ ಟಿಕ್ ಟಿಕ್ ಕೂಡ ಇಲ್ಲ. ನಿನಗೋಸ್ಕರ ಜಾಗ ಗುಡಿಸಿ ಸಾರಿಸಿ ಇಟ್ಟಿದ್ದೇನೆ. ನೀನು ಬರಬೇಕಷ್ಟೇ.

ನಿನ್ನ ಕೀಯ ಸಂಪರ್ಕ ಸರಿಯಿದೆಯಾ ನೋಡು. ಹಿತ್ತಾಳೆ ತುದಿ ಕಪ್ಪಾಗಿದ್ದರೆ ಉಜ್ಜು. ಹುಣಸೆಹಣ್ಣು ಮನೆಯಲ್ಲೇ ಇದೆಯಲ್ಲ.

ನಿನ್ನ
ಸುಭಾನ್


ತಾಳ್ಯ
2 ಫೆಬ್ರವರಿ 2025

ಸುಭಾನ್,

ಕೀ ಉಜ್ಜಿ ಫಳಫಳ ಮಾಡಿದೆ. ನೀನು ಕರೆದೆ, ನಾನು ಒತ್ತಿದೆ, ನೀನು "ಕೋಯಿ ನೈ" ಅಂದೆ.

ಮೊನ್ನೆ ಅನಂತಪುರದವರೊಬ್ಬರು ನನ್ನ ಕೀಗೆ ಕೀಯಲ್ಲೇ ಉತ್ತರ ಕೊಟ್ಟರು. ಜೋರಾಗಿ, ಸ್ವಚ್ಛವಾಗಿ ಕೇಳಿಸುತ್ತಿದ್ದೇನಂತೆ. ನಿನ್ನನ್ನು ದಾಟಿಕೊಂಡು ಅನಂತಪುರಕ್ಕೆ ಹೋಗುವ ನಾನು ಹಿರಿಯೂರಿನಲ್ಲಿ ಇಳಿಯುವುದಿಲ್ಲ ಅಂದರೆ ಏನರ್ಥ?

ಸಿಟ್ಟು ಮಾಡಿಕೊಳ್ಳಬೇಡ, ಅನ್ನಿಸಿದ್ದನ್ನು ಬರೆಯುತ್ತೇನೆ. ನಿನಗೆ ಕೇಳುತ್ತಿದೆ. ಕೇಳುವುದಕ್ಕೆ ನಿನ್ನಿಂದ ಆಗುತ್ತಿಲ್ಲ. ಸ್ಟ್ಯಾಂಡು ನಡುಗಿಸುತ್ತಿದ್ದವನು ಈಗ ಕುಂಯ್ ಕುಂಯ್ ಅನ್ನುತ್ತಾನೆ, ಅದಕ್ಕೆ ಹೂಂಗುಟ್ಟುವುದು ಯಾರಿಗೆ ಇಷ್ಟ? ಇಲ್ಲಿ ನೋಡಲು ಬಂದವರು ಚೌಡಮ್ಮನ ಹತ್ತಿರ ಮಾತಾಡಿ ಹೋಗುತ್ತಾರೆ. ನಾನು ಸ್ಲೇಟು ಎತ್ತಿದರೆ ಓದುವಷ್ಟು ಪುರುಸೊತ್ತು ಯಾರಿಗೂ ಇಲ್ಲ, ಹೊರಗೆ ನೋಡುತ್ತಾರೆ. ನೀನೂ ಹೊರಗೆ ನೋಡಿದೆಯಾ ಸುಭಾನ್? ಹಾಗಿದ್ದರೆ ಹೇಳಿಬಿಡು. ಕೋಣನ ಮುಂದೆ ಕಿನ್ನರಿ ಬಾರಿಸುವುದನ್ನಾದರೂ ನಿಲ್ಲಿಸುತ್ತೇನೆ.

ಕರಿಸಿದ್ದಪ್ಪ


ಹಿರಿಯೂರು
11 ಫೆಬ್ರವರಿ 2025

ಕರಿಸಿದ್ದಪ್ಪನವರಿಗೆ,

ಕೋಣ ಅಂದಿರಲ್ಲ, ಸಂತೋಷ.

ಇಷ್ಟು ಸ್ವಚ್ಛವಾಗಿ ಕೇಳುವ ಸೆಟ್ಟಿನಲ್ಲಿ ನೀವು ಕೇಳಿಸುತ್ತಿಲ್ಲ ಅಂದರೆ ನಾನು ಕರೆದಾಗ ನೀವು ಒತ್ತುತ್ತಿಲ್ಲ ಅಂತಲೇ ಅರ್ಥ. ಬೇಸರವಾಗಿದ್ದರೆ ಬೇಸರ ಅನ್ನಿ, ಕೈ ಸೋತಿದ್ದರೆ ಸೋತಿದೆ ಅನ್ನಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಚಳಿಯಲ್ಲಿ, ಜ್ವರದಲ್ಲಿ, ಒಂದು ಬೆಳಿಗ್ಗೆಯೂ ತಪ್ಪಿಸದೆ ಖಾಲಿ ಗಾಳಿಯನ್ನು ಕರೆದಿದ್ದೇನೆ. ಇನ್ನು ಕರೆಯುವುದಿಲ್ಲ.

ಸುಭಾನ್


ತಾಳ್ಯ
1 ಏಪ್ರಿಲ್ 2025

ಸುಭಾನ್,

ಈ ಸಲ ಯುಗಾದಿ, ರಂಜಾನ್ ಒಂದರ ಬೆನ್ನಿಗೊಂದು ಬಂದವು. ನಮ್ಮ ಮನೆಯ ಬೇವುಬೆಲ್ಲ ನಿಮಗೆ ಬರಲಿಲ್ಲ, ಅಮೀನಾ ಬೀಯ ಶೀರ್‌ಕುರ್ಮಾ ನಮಗೆ ಬರಲಿಲ್ಲ. "ಯಾಕ್ರಿ, ಸುಭಾನಣ್ಣಂದು ಫೋನೂ ಇಲ್ಲ" ಅಂತ ಚೌಡಮ್ಮ ಕೇಳಿದಳು. ಸ್ಲೇಟನ್ನು ಬೋರಲು ಹಾಕಿ ತೋಟಕ್ಕೆ ಹೋದೆ.

ಬರುವ ಭಾನುವಾರ ಬೆಳಿಗ್ಗೆ ಓಬಳೇಶ್ ಮರ ಹತ್ತಿ ತಂತಿ ಇಳಿಸುತ್ತಾನೆ. ಸೆಟ್ಟನ್ನು ಸಿರಿಗೆರೆಯ ಕಾಲೇಜಿಗೆ ಕೊಡುತ್ತೇನೆ, ಅಲ್ಲಿಯ ಮಕ್ಕಳು ಬಿಚ್ಚಿ ನೋಡಿಯಾದರೂ ಕಲಿಯಲಿ. ಸಿಟ್ಟಿನಿಂದ ಬರೆದದ್ದಲ್ಲ ಇದು. ನಿನಗೆ ಹೇಳದೆ ಇಳಿಸಿದರೆ ಸರಿಯಲ್ಲ ಅನ್ನಿಸಿತು. ಆ ತಂತಿಯನ್ನು ಮೊದಲು ಕಟ್ಟಿದವನು ನೀನು.

ಕರಿಸಿದ್ದಪ್ಪ


ಹಿರಿಯೂರು
6 ಏಪ್ರಿಲ್ 2025, ಭಾನುವಾರ

ಸಿದ್ದಣ್ಣ,

ಬೆಳಿಗ್ಗೆ ಮಾತಾಡಿದ್ದೇವೆ, ಆದರೂ ಬರೆಯುತ್ತಿದ್ದೇನೆ. ಮೊದಲ ಸಂಪರ್ಕವಾದರೆ ಕಾರ್ಡು ಹಾಕುವುದು ನಮ್ಮವರ ಪದ್ಧತಿ. ಬಾಯಿಮಾತಿನದು ಯಾವಾಗಲೋ ಆಗಿದೆ, ಮೋರ್ಸಿನಲ್ಲಿ ಇದು ನಮ್ಮ ಮೊದಲನೆಯದು. ಕಾರ್ಡು ಜೊತೆಗಿದೆ. ಗಾಳಿಯಲ್ಲಿ ಗಡಿಬಿಡಿಯಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ.

ನಿನ್ನ ಕಾಗದ ಶುಕ್ರವಾರ ಬಂತು. ಓದಿ ಜೇಬಿಗೆ ಹಾಕಿದೆ. ಜಂಬ ನನಗೂ ಇತ್ತಲ್ಲ. ಅಮೀನಾ ಜೇಬಿನಿಂದ ತೆಗೆದು ಓದಿಸಿಕೊಂಡು, "ಅವ್ರು ತಂತಿ ಇಳಿಸ್ತಾರಂತೆ, ನೀವು ಇಲ್ಲಿ ಕಲ್ಲಿನಂಗೆ ಕುಂತೀರಲ್ರಿ" ಅಂದಳು. ಇವತ್ತು ನಮಾಜ್ ಮುಗಿಸಿ ಸೆಟ್ಟಿನ ಮುಂದೆ ಹೋಗಿ ಕೂತೆ. ಕರೆಯುವ ಮನಸ್ಸಿರಲಿಲ್ಲ. ತಂತಿ ಇಳಿಯುವ ಹೊತ್ತಿಗೆ ಆ ಜಾಗದಲ್ಲಿ ಇರಬೇಕು ಅನ್ನಿಸಿತ್ತು, ಮಣ್ಣಿಗೆ ಹೋದ ಹಾಗೆ.

ನಿನ್ನೆ ಸಂಜೆ ಗಾಳಿಗೆ ಕಂಬ ಬಿದ್ದು ಊರಿಗೆಲ್ಲ ಕರೆಂಟ್ ಇರಲಿಲ್ಲ. ಇನ್ವರ್ಟರುಗಳೂ ಬೆಳಗಿನ ಹೊತ್ತಿಗೆ ಬತ್ತಿದ್ದವು. ನನ್ನ ಸೆಟ್ಟು ಕಾರಿನ ಬ್ಯಾಟರಿಯ ಮೇಲೆ ನಡೆಯುತ್ತದಲ್ಲ. ಬೀದಿದೀಪವಿಲ್ಲ, ಚಾರ್ಜರಿಲ್ಲ, ಹಿಂದಿನ ಹೊಲದ ಬೇಲಿಯೂ ಸತ್ತಿದೆ. ಗದ್ದಲವೇ ಇಲ್ಲದಾಗ ಈ ಗುಂಡಿಗಳು ಯಾಕೆ, ನಾವು ಹುಡುಗರಾಗಿದ್ದಾಗ ಕೇಳುತ್ತಿದ್ದ ಬರಿಯ ಗಾಳಿಯನ್ನು ಒಮ್ಮೆ ಕೇಳೋಣ ಅಂತ ಪ್ಲಾಸ್ಟರ್ ಕಿತ್ತು ಎರಡನ್ನೂ ಆರಿಸಿದೆ.

ಮೊದಲು ಬಂದದ್ದು ಬರಿಯ ಸುಯ್ಯೆನ್ನುವ ಸದ್ದು, ರಾಗಿ ತೂರುವಾಗ ಬರುತ್ತದಲ್ಲ ಹಾಗೆ. ಅದರೊಳಗೆ ನೀನಿದ್ದೆ.

ಸಣ್ಣಗಲ್ಲ ಸಿದ್ದಣ್ಣ, ಗಟ್ಟಿಯಾಗಿದ್ದೆ. ನನ್ನ ಕೋಣೆ ತುಂಬ ನೀನೇ ಇದ್ದೆ. ಅಕ್ಷರ ಹಿಡಿಯುವ ಮೊದಲೇ ನಡಿಗೆಯ ಗುರುತು ಸಿಕ್ಕಿತು. ಬಸ್ಸಿನ ಕಂಬಿಗೆ ಟಿಕೆಟ್ ಪಂಚಿನಿಂದ ಟಕಟಕ ಬಡಿಯುತ್ತಿದ್ದೆಯಲ್ಲ, ಉದ್ದ ಹೊಡೆತವನ್ನು ಚೂರು ಎಳೆದು ಗಿಡ್ಡದ್ದನ್ನು ಸಟ್ಟಂತ ಬಿಡುವುದು, ಅದೇ ಕೈ. ಲೋಕದಲ್ಲಿ ಇನ್ನೊಬ್ಬನಿಗೆ ಬರುವ ಕೈಯಲ್ಲ ಅದು. ದನಿಪೆಟ್ಟಿಗೆ ತೆಗೆದರೆ ಮನುಷ್ಯನ ದನಿ ಹೋಗುತ್ತದೆ ಅಂದುಕೊಂಡಿದ್ದೆ. ಅದು ಬೆರಳಿಗೆ ಇಳಿದು ಕೂತಿತ್ತು. ಪೇಪರಿನ ಅಂಚಿನಲ್ಲಿ ಅಕ್ಷರ ಕೂಡಿಸಿದೆ. ಟೀ ಆಯ್ತಾ.

ಆಮೇಲೆ ನೀನು ಮತ್ತೆ ಒತ್ತುತ್ತಿದ್ದಾಗ ಹೊಳೆಯಿತು. ಸೀಟಿ ಕತ್ತರಿಸುವ ಗುಂಡಿಯನ್ನು ಒಮ್ಮೆ ಒತ್ತಿದೆ. ನೀನು ಮಾಯ. ಟಿಕ್ ಟಿಕ್ ಅಷ್ಟೇ. ಬಿಟ್ಟೆ, ನೀನು ಬಂದೆ. ನಿನ್ನ ಪ್ರತಿ ಒತ್ತನ್ನೂ ಆ ಯಂತ್ರ ಇನ್ವರ್ಟರಿನ ಕುಂಯ್ ಅಂತ ತಿಳಿದು ಕತ್ತರಿಸುತ್ತಿತ್ತು. ಅದು ಹಿಡಿಯುವ ಮೊದಲು ತಪ್ಪಿಸಿಕೊಂಡು ಬರುತ್ತಿದ್ದ ಚೂರೇ ಆ ಟಿಕ್. ಬೇಲಿಯ ಸದ್ದು ಅಂತ ಅದನ್ನೂ ನಾನು ಒರೆಸಿದೆ. ಎಷ್ಟು ಬೆಳಗು ನೀನು ಟೀ ಆಯ್ತಾ ಅಂತ ಕೇಳಿದ್ದೆಯೋ, ನಾನು ನಿನ್ನನ್ನು ಗುಡಿಸಿ ಹೊರಗೆ ಹಾಕಿ "ಜಾಗ ಸ್ವಚ್ಛವಾಗಿದೆ, ಬಾ" ಅಂತ ಕಾಗದ ಬರೆದೆ. ನೀನು ಒತ್ತುತ್ತಿಲ್ಲ ಅಂತಲೂ ಬರೆದೆ. ಆ ಮಾತನ್ನು ಹೇಗೆ ವಾಪಸು ತೆಗೆದುಕೊಳ್ಳಲಿ, ಗೊತ್ತಾಗುತ್ತಿಲ್ಲ. ಕ್ಷಮಿಸು ಸಿದ್ದಣ್ಣ.

ಕರೆಂಟ್ ಮಧ್ಯಾಹ್ನ ಬಂತು. ಚರಚರ ಎಲ್ಲ ವಾಪಸು ಬಂದಿದೆ. ಗುಂಡಿ ಒತ್ತಿಲ್ಲ.

ನಿನ್ನ
ಸುಭಾನ್


ತಾಳ್ಯ
12 ಏಪ್ರಿಲ್ 2025

ಸುಭಾನ್,

ಕಾಗದ, ಕಾರ್ಡು ಎರಡೂ ಬಂದವು. ಕಾರ್ಡಿನಲ್ಲಿ "ಸ್ಪಷ್ಟತೆ 5, ಬಲ 9" ಅಂತ ಪೂರ್ತಿ ಅಂಕ ಕೊಟ್ಟಿದ್ದೀಯ. ಇಷ್ಟು ದಿನ ಸೊನ್ನೆ ಕೊಟ್ಟ ಮಾಸ್ತರು ಒಮ್ಮೆಗೇ ಪಾಸು ಮಾಡಿದ ಹಾಗಾಯಿತು. ಚೌಡಮ್ಮ ಅದನ್ನು ದೇವರ ಪಟದ ಪಕ್ಕದಲ್ಲಿ ಸಿಕ್ಕಿಸಿದ್ದಾಳೆ.

ಕ್ಷಮೆ ಕೇಳಬೇಡ. ಸೀಟಿ ಕತ್ತರಿಸುವ ಗುಂಡಿಯ ವಿಷಯ ನಿನ್ನ ಮೊದಲ ಕಾಗದದಲ್ಲೇ ಇತ್ತು. ನಾನೂ ಓದಿದ್ದೆ, ನನಗೂ ಹೊಳೆಯಲಿಲ್ಲ. ಅದು ಸೀಟಿಯನ್ನು ಕತ್ತರಿಸಿ ಮನುಷ್ಯನ ಮಾತನ್ನು ಉಳಿಸುತ್ತದೆ ಅಂತ ನೀನು ಬರೆದಿದ್ದೆ. ಸರಿ, ಹಾಗಾದರೆ ನನ್ನನ್ನು ಉಳಿಸುತ್ತದೆ ಅಂದುಕೊಂಡೆ. ನಾನು ಒತ್ತುತ್ತಿರುವುದು ಬರಿಯ ಸೀಟಿ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಭಾನುವಾರ ಇಲ್ಲಿ ಏನಾಯಿತು ಅಂತ ನಿನಗೆ ಗೊತ್ತಿಲ್ಲ, ಕೇಳು. ಓಬಳೇಶ್ ಹಗ್ಗ, ಕುಡುಗೋಲು ಹಿಡಿದು ಮರದ ಬುಡದಲ್ಲಿ ನಿಂತಿದ್ದ. ಒಂದು ನಿಮಿಷ ಅಂತ ಕೈ ಮಾಡಿ ಒಳಗೆ ಬಂದೆ. ಕೊನೆಯ ಸಲ ಕೇಳಿ ಮುಗಿಸೋಣ ಅಂತ ಕೂತು ಒತ್ತಿದೆ. ನೀನು ಕರೆಯುವುದನ್ನು ಬಿಟ್ಟಿದ್ದೆ, ನಿನ್ನಿಂದ ಉತ್ತರ ಬರುವ ಆಸೆ ಇರಲಿಲ್ಲ. ದಿನದ ಅಭ್ಯಾಸ, ಬೆರಳು ತಾನೇ ಹೋಯಿತು. ಒತ್ತಿ ಮುಗಿದ ಮೇಲೆ ಸೆಟ್ಟು ಆರಿಸಲು ಕೈ ಚಾಚಿದ್ದೆ.

ಆಗ ನೀನು ಬಂದೆ. ಮೊದಲು ನನ್ನ ಹೆಸರು ಹೇಳಲಿಲ್ಲ ನೀನು. ಮೈಕು ಹಿಡಿದುಕೊಂಡೇ ಒಳಗೆ ಕೂಗಿದೆ. "ಅಮೀನಾ, ಹೈ ಉಧರ್. ಸಿದ್ದಣ್ಣ ಹೈ." ಆಮೇಲೆ ನಿನ್ನ ಅಳು ಬಂತು. ನನಗೆ ಅದೂ ಕೇಳಿಸಿತು. ಆಮೇಲೆ "ಆಯ್ತು ಸಿದ್ದಣ್ಣ, ಟೀ ಆಯ್ತು, ನಿಂದಾಯ್ತೇನಪ್ಪ" ಅಂದೆ.

ಬಾಗಿಲಲ್ಲಿ ನಿಂತಿದ್ದ ಓಬಳೇಶ್ "ತಾತ, ತಂತಿ ಇಳಿಸ್ಲಾ" ಅಂತ ಕೇಳಿದ. ಚೌಡಮ್ಮ ಅವನ ಕೈಯಿಂದ ಕುಡುಗೋಲು ಕಸಿದುಕೊಂಡು "ಹೋಗಪ್ಪ, ಮನೀಗ್ ಹೋಗು" ಅಂದಳು. ನಾನು ಕೀ ಹಿಡಿದಿದ್ದೆ, ಒತ್ತಲು ಆಗುತ್ತಿರಲಿಲ್ಲ. ಆಪರೇಷನ್ ಆದಾಗಿನಿಂದ ಅತ್ತಿರಲಿಲ್ಲ ಸುಭಾನ್. ನನಗೀಗ ಅಳುವಾಗ ಸದ್ದು ಬರುವುದಿಲ್ಲ. ಅವಳು ಪಕ್ಕದಲ್ಲಿ ಬಂದು ಕೂತಳು.

ಅವತ್ತಿನಿಂದ ದಿನಾ ಮಾತಾಡುತ್ತಿದ್ದೇವೆ, ಮತ್ತೆ ಕಾಗದ ಯಾಕೆ ಅಂತ ಕೇಳಬಹುದು. ಒಂದು ವಿಷಯ ಕೀಯಲ್ಲಿ ಹೇಳಲು ಆಗಲಿಲ್ಲ. ಅವತ್ತು ಮಾತು ಮುಗಿಸುವಾಗ ನಾನು ಕೊನೆಯ ಎರಡು ಡಿಟ್ ಹೊಡೆಯಲಿಲ್ಲ. ಗಮನಿಸಿದೆಯಾ? ಮರೆತದ್ದಲ್ಲ. ಬೆರಳು ಕೀಯ ಮೇಲೇ ಇತ್ತು. ಬಸ್ಸು ಇನ್ನೂ ಸ್ವಲ್ಪ ಹೊತ್ತು ನಿಂತಿರಲಿ ಅನ್ನಿಸಿತು.

ಈಗ ಬಾ. ಇದೇ 20ರ ಭಾನುವಾರ ಅಮೀನಾ ಬೀಯನ್ನೂ ಕರೆದುಕೊಂಡು ಬಾ. ಹೊಳಲ್ಕೆರೆಯಲ್ಲಿ ಇಳಿದು ತಾಳ್ಯದ ಬಸ್ಸು ಹತ್ತಿ. ಹುಣಸೆಮರದ ಕೆಳಗೆ ಕಾಯುತ್ತಿರುತ್ತೇನೆ. ಕತ್ತಿಗೆ ಟವೆಲ್ ಸುತ್ತಿಕೊಂಡಿರುವುದಿಲ್ಲ.

ನಿನ್ನ
ಕರಿಸಿದ್ದಪ್ಪ